ಬರಬೇಕಾದ ಬಾಕಿ



ಹಾಸ್ಟೆಲಿನಿಂದ ಎಂಬಿಎ ಕ್ಲಾಸಿಗೆ ಹೋಗುವ ನಾವು ಕೆಲವರು ಮೊದಲನೆ ಟರ್ಮು ಮುಗಿಸಿದ್ದೇವೆ. ಅಲ್ಲಿ ಏನು ಕಲಿಸ್ತಾರೆ ಅಂತ ಕೇಳುವವರು ಬಹಳ. ಏನನ್ನು ಕಲಿಸೋದಿಲ್ಲ ಅನ್ನೋದನ್ನೂ ಸೇರಿಸಿಯೇ ಹೇಳಬೇಕಾಗಿದೆ.

ಲೆಕ್ಕಪತ್ರದ ಕ್ಲಾಸು ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ತಾತಂದಿರು ಗೌಡರ ಮನೆಯ ಪುಸ್ತಕದಲ್ಲಿ ಏನು ಬರೆದಿದೆಯೋ ತಿಳಿಯದೆ ಹೆಬ್ಬೆಟ್ಟು ಒತ್ತಿ ತಲೆಮಾರುಗಟ್ಟಲೆ ಜೀತ ಮಾಡಿದರು. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಆ ಪುಸ್ತಕವನ್ನು ಓದುವ ವಿದ್ಯೆ ಇದು, ಬಿಡಬಾರದು.

ಅದೇ ಮೇಷ್ಟ್ರು ದುಡಿಯುವ ಬಂಡವಾಳದ ಪಾಠ ಮಾಡಿದರು. ಬರಬೇಕಾದ ಹಣ ತಡವಾದರೆ ಲಾಭದಲ್ಲಿರುವ ಕಂಪನಿಯೂ ಮುಳುಗುತ್ತೆ, ಯಾಕಂದರೆ ಕೊಡಬೇಕಾದ್ದು ಕಾಯೋದಿಲ್ಲ ಅಂದರು. ಹಿಂದಿನ ಬೆಂಚಿನಲ್ಲಿ ನಾವು ಮುಖಮುಖ ನೋಡಿಕೊಂಡೆವು. ನಮ್ಮ ಸ್ಕಾಲರ್‌ಶಿಪ್ಪು ಟರ್ಮು ಮುಗಿದರೂ ಬಂದಿಲ್ಲ. ಫೀಸಿನ ಕಂತು, ಮೆಸ್ ಬಿಲ್ಲು ಮಾತ್ರ ತಾರೀಕು ತಪ್ಪೋದಿಲ್ಲ. ನಡುವಿನ ತಿಂಗಳುಗಳಿಗೆ ಬಡ್ಡಿ ಸಾಲ. ಸ್ಕಾಲರ್‌ಶಿಪ್ಪು ಕೊನೆಗೆ ಬಂದರೂ ಆ ಬಡ್ಡಿಯನ್ನು ತುಂಬಿಕೊಡುವವರು ಯಾರೂ ಇಲ್ಲ. ನಮ್ಮಲ್ಲೊಬ್ಬ ಈಗ ಗಂಟು ಕಟ್ಟಿಕೊಂಡು ಊರಿಗೆ ಹೊರಟಿದ್ದಾನೆ. ಬುದ್ಧಿ ಸಾಲದೆ ಅಲ್ಲ, ಲೆಕ್ಕದಲ್ಲಿ ಕ್ಲಾಸಿಗೇ ಅವನು ಮುಂದು.

ಮಾರುಕಟ್ಟೆಯ ಕ್ಲಾಸಿನಲ್ಲಿ ಗಿರಾಕಿಗಳನ್ನು ವಯಸ್ಸು, ವರಮಾನ, ಊರು ಅಂತೆಲ್ಲಾ ವಿಂಗಡಿಸಿದರು. ಜಾತಿ ಬರಲೇ ಇಲ್ಲ. ಹಟ್ಟಿಯವನು ಟೀ ಅಂಗಡಿ ಇಟ್ಟರೆ ಊರಿನವರು ಯಾಕೆ ಕುಡಿಯೋದಿಲ್ಲ? ಬೆಲೆ ಇಳಿಸಿದರೆ ಕುಡಿದಾರೆಯೆ? ಮಾರುಕಟ್ಟೆ ದುಡ್ಡು ನೋಡುತ್ತೆ, ಜಾತಿ ನೋಡೋದಿಲ್ಲ ಅನ್ನೋದು ಇವರ ಗಾಯತ್ರಿ ಮಂತ್ರ.

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದು ಮುಂಬಯಿಯಲ್ಲಿ ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕಸುಬು ಶುರು ಮಾಡಿದ್ದರು. ಸಲಹೆ ಕೊಡುವವರು ಅಸ್ಪೃಶ್ಯರು ಅಂತ ಗೊತ್ತಾದದ್ದೇ ಗಿರಾಕಿಗಳು ನಿಂತುಹೋದರು. 1918ರಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರು ತಮ್ಮ ಜೊತೆ ಒಂದೇ ಪಾತ್ರೆಯ ನೀರು ಕುಡಿಯುವುದಕ್ಕೆ ಸಹೋದ್ಯೋಗಿಗಳ ತಕರಾರು. ಬಿಸಿನೆಸ್ ಪಾಠಕ್ಕೆ ಇದಕ್ಕಿಂತ ಕೇಸು ಬೇಕೆ? ಟರ್ಮು ಪೂರ್ತಿ ಕೇಸುಗಳನ್ನೇ ಓದಿಸಿದರು, ಇದೊಂದು ಇರಲಿಲ್ಲ.

ಹಳೇ ಕತೆ ಅನ್ನಬೇಡಿ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಪ್ರಕಟಿಸಿದ ಅಧ್ಯಯನ ನೋಡಿ. ಖಾಸಗಿ ಕಂಪನಿಗಳಿಗೆ ಒಂದೇ ವಿದ್ಯಾರ್ಹತೆಯ ಅರ್ಜಿ ಹಾಕಿದರೂ ದಲಿತ ಹೆಸರಿಗೆ ಕರೆ ಕಡಿಮೆ. 2012ರಲ್ಲಿ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂದ ಲೆಕ್ಕದಂತೆ ದೇಶದ 1000 ದೊಡ್ಡ ಕಂಪನಿಗಳ ನಿರ್ದೇಶಕರಲ್ಲಿ ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ಶೇ. 3.5. ಮೇಲ್ಜಾತಿಗಳವರು ಶೇ. 90ಕ್ಕೂ ಮೇಲೆ. ನಮಗೆ ನೆಟ್‌ವರ್ಕಿಂಗ್ ಅಂತ ಒಂದು ಪಾಠ ಮಾಡಿದರು. ನಮ್ಮ ಕಡೆ ಅದಕ್ಕೆ ನೆಂಟಸ್ತನ ಅಂತಾರೆ.

ಬಂಡವಾಳಶಾಹಿ ವಿದ್ಯೆ ನಿಮಗ್ಯಾಕೆ, ಬಿಟ್ಟು ಬನ್ರಪ್ಪಾ ಅನ್ನುವ ಸಂಗಾತಿಗಳಿದ್ದಾರೆ. ನಾವು ಒಪ್ಪೋದಿಲ್ಲ. ನಾವು ಬಿಟ್ಟ ಸೀಟಿನಲ್ಲಿ ಕ್ರಾಂತಿ ಬಂದು ಕೂರೋದಿಲ್ಲ. ಲೆಕ್ಕದ ಪುಸ್ತಕ ಮತ್ತೆ ಅದೇ ಮನೆಗಳ ಕೈಯಲ್ಲಿ ಉಳಿಯುತ್ತೆ ಅಷ್ಟೆ.

ಎರಡನೆ ಟರ್ಮು ಶುರುವಾಗುವ ಮುಂಚೆ ಕೇಳಬೇಕಾದ್ದನ್ನು ಕೇಳೋಣ. ಸ್ಕಾಲರ್‌ಶಿಪ್ಪು ಬರುವ ತನಕ ಕಾಲೇಜು ಫೀಸಿಗೆ ಪೀಡಿಸಬಾರದು. ಕ್ಲಾಸಿನ ಗುಂಪುಗಳನ್ನು ಚೀಟಿ ಎತ್ತಿ ಮಾಡಬೇಕು, ಈಗಿನ ಹಾಗೆ ಅವರವರೇ ಸೇರಿಕೊಳ್ಳೋದಲ್ಲ. ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲಿನಲ್ಲಿ ನಾವೇ ಲೆಕ್ಕಪತ್ರ ಹೇಳಿಕೊಡುತ್ತೇವೆ, ಬಿಎ ಓದುವವರೂ ಬನ್ನಿ.

ಗಂಟು ಕಟ್ಟಿದ ಗೆಳೆಯನ ಫೀಸಿಗಾಗಿ ಈ ಸಭೆಯಲ್ಲೇ ಡಬ್ಬಿ ಬರುತ್ತೆ. ಹಾಕಿದ್ದಕ್ಕೆ ರಸೀದಿ ಕೊಡುತ್ತೇವೆ. ಜಮಾ-ಖರ್ಚು ನಾಳೆ ಸಂಜೆಯೊಳಗೆ ಹಾಸ್ಟೆಲ್ ಗೋಡೆಯ ಮೇಲಿರುತ್ತೆ.