ಆನಂದಪುರದ ಚರ್ಚು ಯಾರದು?

ಕೊಡಗಿನ ಆನಂದಪುರದ ಚರ್ಚು ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಹೆಸರು, ಹರ್ಮನ್ ಮೊಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಬಾಸೆಲ್ ಮಿಷನ್ ಪಾದ್ರಿ. ಅವರ ಮೇಲೆ ನನಗೂ ಗೌರವ ಇದೆ. ಆದ್ರೆ ಆ ಸಭೆಗೆ ಸೇರಿದವರು ಯಾರು? ಹೊಲೆಯರು. ನಮ್ಮವರು. ಅವರ ಹೆಸರು ಎಲ್ಲಿ?

ಆಗ ಕೊಡಗಿನಲ್ಲಿ ನಮ್ಮವರ ಸ್ಥಿತಿ ಹೇಗಿತ್ತು ಗೊತ್ತಾ? ಕೆಲವರು ಭೂಮಿಗೆ ಕಟ್ಟಿದ ಜಮ್ಮದಾಳುಗಳು. ಗದ್ದೆ ಕೈಬದಲಾದ್ರೆ ಅದರ ಜೊತೆ ಇವರೂ ಹೋಗ್ಬೇಕು. ಇನ್ನು ಕೆಲವರು ಒಡೆಯನ ಮನೆಗೇ ಸೇರಿದವರು, ಅವನು ಬೇಕಾದವರಿಗೆ ಮಾರಬಹುದು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶ ಮಾಡ್ಕೊಂಡಿತು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ಕಾಯ್ದೆಯೂ ಬಂತು. ಬಂದ್ರೇನು? ಒಡೆಯನ ಹಟ್ಟಿ ಬಿಟ್ಟು ಹೊರಟವನು ಆ ರಾತ್ರಿ ಮಲಗೋದು ಎಲ್ಲಿ?

1850ರ ದಶಕದಲ್ಲಿ ಆಲಮಂಡ ಸೋಮಯ್ಯ ಅನ್ನೋ ಕೊಡವರು ದೀಕ್ಷಾಸ್ನಾನ ಪಡೆದು ಸ್ತೆಫಾನ ಆದ್ರು. ಮೊಗ್ಲಿಂಗ್ ಕೊಡಗಿನಲ್ಲಿ ನೆಲೆ ನಿಂತಿದ್ದೂ ಆಗಲೇ. ಅವರ ಬಳಿ ಗುಂಪಾಗಿ ಬಂದವರು ಹೊಲೆಯರು. ಅವರಿಗಾಗಿಯೇ ಆನಂದಪುರ ಅನ್ನೋ ಊರು ಎದ್ದಿತು, ಕಾಫಿ ತೋಟವೂ ಆಯ್ತು. ಸೋಮಯ್ಯನವರ ಹೆಸರು ಚರಿತ್ರೆಯಲ್ಲಿದೆ, ಇರಲೇಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರದ್ದೂ ಇದೆ. ನಮ್ಮವರು ಮಾತ್ರ 'ಅನೇಕ ಹೊಲೆಯರು'. ತಲೆ ಎಣಿಸ್ತಾರೆ, ಮುಖ ನೋಡಲ್ಲ.

'ಗಂಜಿಗಾಗಿ ಮತ ಬಿಟ್ಟೋರು' ಅಂತ ಈಗಲೂ ಆಡ್ಕೊಳ್ಳೋರಿದ್ದಾರೆ. ಸ್ವಾಮಿ, ಗದ್ದೆ ಜೊತೆ ಮಾರಾಟ ಆಗೋ ಮನುಷ್ಯನಿಗೆ ತನ್ನದು ಅನ್ನೋ ಒಂದು ಸೂರು ಸಿಕ್ಕರೆ ಅದನ್ನ ಆಮಿಷ ಅಂತೀರಾ? ಹಾಗಾದ್ರೆ ಅಷ್ಟು ವರ್ಷ ಅದನ್ನ ಕೊಡದೇ ಇದ್ದದ್ದಕ್ಕೆ ಏನಂತೀರಿ?

ಮಿಷನ್ನಿಗೆ ಪೂರ್ತಿ ಅಂಕ ಕೊಡೋಕೂ ನಾನು ತಯಾರಿಲ್ಲ. ಜಾತಿ ಬಿಟ್ಟವನಿಗೇ ದೀಕ್ಷಾಸ್ನಾನ ಅಂತ ಬಾಸೆಲ್‌ನವರು ಹಟ ಹಿಡಿದದ್ದು ದೊಡ್ಡ ಮಾತು. ಆದ್ರೆ ಉಪದೇಶ ಹೇಳೋರೂ ಅವರೇ, ಕೆಲಸ ಕೊಡೋರೂ ಅವರೇ ಆದಾಗ ವಿಶ್ವಾಸಿಗೆ ಎದುರು ಮಾತಾಡೋ ಧೈರ್ಯ ಎಷ್ಟಿರುತ್ತೆ? 1860ರಲ್ಲಿ ಮೊಗ್ಲಿಂಗ್ ಊರಿಗೆ ಮರಳಿದರು. ನಮ್ಮವರಿಗೆ ಮರಳೋಕೆ ಬೇರೆ ಊರಿರಲಿಲ್ಲ.

ಆಮೇಲೆ 1950ರ ರಾಷ್ಟ್ರಪತಿ ಆದೇಶ. ಹಿಂದೂ ಆಗಿದ್ರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಿಗೆ ಬಾಗಿಲು ಮುಚ್ಚೇ ಇದೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ತೆಗೀರಿ ಅಂತ ಹೇಳಿಯೂ ತೆಗೀಲಿಲ್ಲ. ಅಂದ್ರೆ ಊರವರ ಕಣ್ಣಿಗೆ ಹೊಲೆಯ, ಸರ್ಕಾರದ ಕಾಗದದಲ್ಲಿ ಅಲ್ಲ!

ಬಾಸೆಲ್‌ನಲ್ಲಿ ಮಿಷನ್ನಿನ ಹಳೇ ಕಾಗದಪತ್ರ ಜೋಪಾನವಾಗಿವೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಇವೆ. ಸಭೆಯ ಹಿರಿಯರಲ್ಲಿ ನನ್ನದೊಂದು ಕೇಳಿಕೆ: ಮುಂದಿನ ಸ್ಮರಣ ಸಂಚಿಕೆಗೆ ಮೊದಲು ನಿಮ್ಮಲ್ಲಿರೋ ದೀಕ್ಷಾಸ್ನಾನದ ಹಳೇ ದಾಖಲೆ ತೆಗೆದು ನೋಡಿ. ಪಾದ್ರಿಯ ಫೋಟೋ ಎರಡನೇ ಪುಟಕ್ಕೆ ಹೋಗಲಿ. ಮೊದಲ ಪುಟದಲ್ಲಿ ನಮ್ಮವರ ಹೆಸರು ಹಾಕಿ, ಹೆಂಗಸರದ್ದೂ ಸೇರಿಸಿ. ಜರ್ಮನ್ ಓದಬಲ್ಲ ನಮ್ಮ ಹುಡುಗ ಹುಡುಗೀರು ಯಾರಾದ್ರೂ ಇದ್ರೆ ಇಲ್ಲೇ ಕಾಮೆಂಟಲ್ಲಿ ತಿಳಿಸಿ. ಕೆಲಸ ಇದೆ.

ಜೈ ಭೀಮ್.