ಹಂದಿಗೂಡಿನ ಬಾಗಿಲು ಕಾಯುವವರು ಯಾರು?

ಚನ್ನಪಟ್ಟಣ ಸೀಮೆಯ ರೇಷ್ಮೆ ಬೆಳೆಗಾರರ ಹುಳುಮನೆಗೆ ಯಾರೂ ಹಾಗೇ ನುಗ್ಗುವಂತಿಲ್ಲ. ಕೈಕಾಲು ತೊಳೆದು, ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ತುಳಿದೇ ಒಳಗೆ ಹೋಗಬೇಕು. ಒಂದು ಬೆಳೆಯ ಗೂಡು ಬಿಡಿಸಿದ ಮೇಲೆ ತಟ್ಟೆ, ಚಂದ್ರಿಕೆ, ಗೋಡೆಗಳನ್ನೆಲ್ಲ ತೊಳೆದು ಔಷಧಿ ಹೊಡೆಯದೆ ಮುಂದಿನ ಬೆಳೆಗೆ ಚಾಕಿ (ಎಳೆಯ) ಹುಳು ತರುವುದಿಲ್ಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಂಬ ಹುಳುರೋಗಗಳ ಹೆಸರು ಇಲ್ಲಿ ಮನೆಮಾತು. ಇದೇ ನೆಲದಲ್ಲಿ ಹಂದಿ ಸಾಕಲು ಹೊರಟವರಿಗೂ ಇಂಥದೇ ಶಿಸ್ತನ್ನು ಹೇಳಲಾಗುತ್ತದೆ. ಆದರೆ ಅವರು ಅದನ್ನು ಒಂಟಿಯಾಗಿ ಹೊರಬೇಕು, ರೋಗ ಬಂದರೆ ತಪ್ಪನ್ನೂ ಅವರೇ ಹೊರಬೇಕು. ರೋಗ ತಡೆಯುವುದು ಸಾಕುವವನೊಬ್ಬನ ಕೆಲಸವೇ?

ಆಫ್ರಿಕನ್ ಹಂದಿಜ್ವರ ನಡೆದುಬಂದ ದಾರಿ ನೋಡಿದರೆ ಹಾಗನ್ನಿಸುವುದಿಲ್ಲ. 1921ರಲ್ಲಿ ಕೀನ್ಯಾದಲ್ಲಿ ಗುರುತಿಸಲಾದ ಈ ವೈರಸ್ 2018ರಲ್ಲಿ ಚೀನಾ ಮುಟ್ಟಿತು, 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿತು. 2022ರ ಜುಲೈನಲ್ಲಿ ಕೊಡಗು, ಮೈಸೂರು ಜಿಲ್ಲೆಗಳಿಗೆ ತಾಗಿದ ವಯನಾಡಿಗೆ ಬಂತು. ಮನುಷ್ಯರಿಗೆ ತಗಲುವುದಿಲ್ಲ, ಹಂದಿಗಳನ್ನು ಮಾತ್ರ ಬಹುಪಾಲು ಉಳಿಸುವುದಿಲ್ಲ. ಔಷಧಿ ಇಲ್ಲ. ಹಳೆಯ ಹಂದಿಜ್ವರದ ಲಸಿಕೆ ಇದಕ್ಕೆ ನಾಟುವುದೂ ಇಲ್ಲ. ಬಾಗಿಲಲ್ಲಿ ತಡೆಯುವುದೊಂದೇ ಉಪಾಯ.

ಆ ಬಾಗಿಲಿಗೆ ವೈರಸ್ ಬರುವುದು ಹೆಚ್ಚಾಗಿ ಬೇರೆಯವರ ಕೈಯಿಂದ. ಸೋಂಕಿನ ಮಾಂಸದ ಚೂರು ಹಂದಿಗೆ ಹಾಕುವ ಹೋಟೆಲ್ ಮುಸುರೆಯಲ್ಲಿ ಸೇರುತ್ತದೆ, ವ್ಯಾಪಾರಿಯ ಲಾರಿಯ ಚಕ್ರಕ್ಕೆ ಹಂದಿಯ ಹಿಕ್ಕೆ ಅಂಟುತ್ತದೆ, ಚಪ್ಪಲಿಯ ಕೆಸರು ಗೂಡಿನಿಂದ ಗೂಡಿಗೆ ನಡೆಯುತ್ತದೆ. ಕಾಡುಹಂದಿಗೂ ತಗಲುವ ರೋಗವಾದ್ದರಿಂದ ಕನಕಪುರದ ಕಾಡಂಚಿನಲ್ಲಿ ಗಟ್ಟಿ ಬೇಲಿಯೂ ಬೇಕು. ಮುಸುರೆಯನ್ನು ಕಲಕುತ್ತಾ 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಡಬೇಕೆನ್ನುತ್ತದೆ ಅಂತರರಾಷ್ಟ್ರೀಯ ಪಶು ಆರೋಗ್ಯ ಸಂಹಿತೆ. ಹತ್ತಿಪ್ಪತ್ತು ಹಂದಿ ಇಟ್ಟವನಿಗೆ ದಿನವೂ ಅಷ್ಟು ಸೌದೆ ಎಲ್ಲಿಂದ? ಬಾಗಿಲಲ್ಲಿ ಔಷಧಿ ನೀರಿಗೆ ಕಾಲು ಅದ್ದುವ ತೊಟ್ಟಿ ಅಗ್ಗ, ನಿಜ. ಆದರೆ ಬೂಟಿನ ಕೊಳೆ ಮೊದಲು ತೊಳೆಯದೆ ಅದ್ದಿದರೆ ಔಷಧಿ ಕೆಲಸ ಮಾಡುವುದಿಲ್ಲ. ಇದನ್ನು ಕೊಟ್ಟಿಗೆಗೇ ಬಂದು ತೋರಿಸಿಕೊಡುವವರು ಬೇಕು.

ರೇಷ್ಮೆಗೆ ಅಂಥವರಿದ್ದರು. ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗವನ್ನು ರೈತನ ಶುಚಿತ್ವ ಒಂದೇ ಗೆಲ್ಲಲಾರದು. 1865ರಿಂದ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ದುಡಿದ ಲೂಯಿ ಪಾಶ್ಚರ್ ರೂಪಿಸಿದ ಕ್ರಮ ಇಂದಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿದೆ: ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಮೊಟ್ಟೆ ನಾಶಮಾಡುವುದು. ರಾಜ್ಯ 1959ರಲ್ಲೇ ಬಿತ್ತನೆ, ಗೂಡು, ನೂಲಿಗೆ ಕಾಯ್ದೆ ತಂದಿತು. ಮೈಸೂರು ತಳಿಯ ಬಿತ್ತನೆ ಗೂಡಿಗೆಂದು ಮಾಗಡಿಯಂಥ ಪ್ರದೇಶಗಳನ್ನೇ ಮೀಸಲಿಟ್ಟಿತು. ರೈತನ ಶಿಸ್ತಿನ ಹಿಂದೆ ಪ್ರಯೋಗಾಲಯ, ಕಾನೂನು, ಇಲಾಖೆ ಮೂರೂ ನಿಂತವು.

ಹಂದಿ ಸಾಕುವವನ ಹಿಂದೆ ಸದ್ಯ ಇರುವುದು ಭಯ. ಪರಿಹಾರ ಸಿಗುವುದು ಸರ್ಕಾರ ಕೊಲ್ಲಿಸಿದ ಹಂದಿಗೆ, ಅದಕ್ಕೂ ಮೊದಲೇ ಸತ್ತದ್ದಕ್ಕಲ್ಲ. ಹಾಗಾಗಿ ಜ್ವರ ಕಂಡೊಡನೆ ಉಳಿದವನ್ನು ಸಿಕ್ಕ ಬೆಲೆಗೆ ಮಾರಿಬಿಡುವ ಆಸೆ ಹುಟ್ಟುತ್ತದೆ, ರೋಗ ಪಕ್ಕದ ಊರಿಗೆ ಹೋಗುತ್ತದೆ. ಅವನನ್ನು ಬೈದರೆ ರೋಗ ನಿಲ್ಲದು. ಸಂಶಯ ಬಂದ ದಿನವೇ ಪಶುವೈದ್ಯರಿಗೆ ತಿಳಿಸಿದವನಿಗೆ ಸತ್ತ ಹಂದಿಗೂ ಪರಿಹಾರ ಸಿಗಬೇಕು. ಬೆಂಗಳೂರು–ಮೈಸೂರು ರಸ್ತೆಯ ಹೋಟೆಲ್‌ಗಳ ಮುಸುರೆ ಕುದಿಸುವ ಹೊಣೆಯನ್ನು ಹೋಟೆಲಿನವರೂ ನಗರಸಭೆಗಳೂ ಹಂಚಿಕೊಳ್ಳಲಿ. ರಾಮನಗರ ಸೀಮೆಯಲ್ಲಿ ರೋಗ ಹರಡುವ ಮುನ್ನವೇ ಈ ಎರಡು ಕೆಲಸ ಆಗಬೇಕು.