ತಾಮ್ರದ ದುಡ್ಡಿನ ಗಂಟು

ದುಡ್ಡು ಎಂಬ ಮಾತನ್ನು ಇಂದು ನಾವು ಹಣವೆಂಬ ಅರ್ಥದಲ್ಲಿ ಆಡುತ್ತೇವೆ. ಮೊದಲು ಅದು ತಾಮ್ರದ ಒಂದು ನಾಣ್ಯದ ಹೆಸರಾಗಿತ್ತು. ಬಂಗಾರದ್ದು ಹೊನ್ನು, ಬೆಳ್ಳಿಯದು ರೂಪಾಯಿ, ತಾಮ್ರದ್ದು ದುಡ್ಡು ಮತ್ತು ಕಾಸು. ಪೇಶ್ವೆಯರ ಆಳಿಕೆಯಲ್ಲಿ ನಮ್ಮ ಬಾಗಲಕೋಟೆಯಲ್ಲಿಯೇ ಒಂದು ಟಂಕಸಾಲೆಯಿದ್ದು, ಅಲ್ಲಿ ಮುದ್ರಿತವಾದ ಬೆಳ್ಳಿಯ ರೂಪಾಯಿಗೆ ಮಲ್ಹಾರಶಾಹಿ ಎಂದು ಹೆಸರಾಗಿತ್ತು. ಆದರೆ ಸಂತೆಯಲ್ಲಿ ಕಾಯಿಪಲ್ಯ ಕೊಂಡವರ ಮತ್ತು ದಿನದ ಕೂಲಿ ಎಣಿಸಿಕೊಂಡವರ ಬೆರಳುಗಳಲ್ಲಿ ಸವೆದುದು ಬೆಳ್ಳಿಯಲ್ಲ, ತಾಮ್ರ.

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದ ಕುಟುಂಬಗಳು ತಮ್ಮೊಡನೆ ಏನೇನನ್ನು ತಂದವೆಂಬುದನ್ನು ಪಟ್ಟಿಮಾಡಿದರೆ ಅದೇ ಒಂದು ಗ್ರಂಥವಾದೀತು. ಬಾಗಿಲು, ಚೌಕಟ್ಟು, ತೊಲೆ, ಬೀಸುವ ಕಲ್ಲು. ಮತ್ತು ಹಲವು ಮನೆಗಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಚಲಾವಣೆ ಕಳೆದುಕೊಂಡ ನಾಣ್ಯಗಳ ಒಂದು ಗಂಟು. ಅಂತಹ ಗಂಟೊಂದರ ಒಡತಿಯಾದ ನವನಗರದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಅತ್ತೆಯವರು ಬಿಟ್ಟುಹೋದ ತಾಮ್ರದ ನಾಣ್ಯಗಳು ಸುಮಾರು ಮೂರು ಕಿಲೋ ತೂಗುತ್ತವೆಯಂತೆ. ತಾಮ್ರದ ಬೆಲೆ ಏರಿದೆ, ಗುಜರಿಯವನಿಗೆ ಕೊಟ್ಟುಬಿಡೋಣ ಎಂಬುದು ಹಿರಿಯ ಮಗನ ಮಾತು. ಕಿರಿಯನದು ಅದಕ್ಕೆ ವಿರುದ್ಧವಾದ ವಿಚಾರ: ಮುಳುಗಡೆ ಪರಿಹಾರದಲ್ಲಿ ಉಳಿದು ಬ್ಯಾಂಕಿನ ಠೇವಣಿಯಲ್ಲಿರುವ ಹಣವನ್ನು ತೆಗೆದು, ಹುನಗುಂದ, ಇಳಕಲ್ಲ, ಬಾದಾಮಿಯ ಕಡೆಯ ಹಳ್ಳಿಗಳಲ್ಲಿ ಇಂತಹ ನಾಣ್ಯಗಳನ್ನು ಇನ್ನಷ್ಟು ಕೊಂಡು ಕೂಡಿಹಾಕಿದರೆ ಹತ್ತು ವರ್ಷಕ್ಕೆ ದೊಡ್ಡ ಗಂಟಾಗುತ್ತದೆ ಎಂಬುದು. "ಲೋಹದ ಆಸೆಗೆ ಇವನ್ನು ಕೂಡಿಡುವುದು ಸರಿಯೇ?" ಎಂದು ತಾಯಿಯವರು ಕೇಳುತ್ತಾರೆ.

ಪ್ರಶ್ನೆ ತೂಕದ್ದಾದುದರಿಂದ ತೂಕದಿಂದಲೇ ಹೊರಡೋಣ. ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ಹೊರತಂದ ಕಾಲಾಣೆಯ ನಾಣ್ಯ ಅಚ್ಚ ತಾಮ್ರದ್ದು. ತೂಕ ಸುಮಾರು 6.47 ಗ್ರಾಂ. ರಾಣಿ ವಿಕ್ಟೋರಿಯಾಳ ಮುಖವುಳ್ಳ ಕಾಲಾಣೆಯೂ ಅದೇ ತೂಕದ್ದು. 1906ರಲ್ಲಿ ಸರಕಾರವು ತಾಮ್ರವನ್ನು ಬಿಟ್ಟು ಕಂಚಿಗೆ ಇಳಿಯಿತು. ನೂರಕ್ಕೆ 95 ಪಾಲು ತಾಮ್ರ, ಮಿಕ್ಕದ್ದು ತವರ ಮತ್ತು ಸತು. ಕಣ್ಣಿಗೆ ಇದೂ ತಾಮ್ರವಾಗಿಯೇ ಕಾಣುತ್ತದೆ, ಆದರೆ ತೂಕ 4.86 ಗ್ರಾಮಿಗೆ ಇಳಿದಿದೆ. ಎರಡನೆಯ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ 1943ರಲ್ಲಿ ನಡುವೆ ತೂತುಳ್ಳ ದುಡ್ಡು ಬಂದಿತು. ಅದರ ತೂಕ ಸುಮಾರು ಎರಡೇ ಗ್ರಾಂ. ಹಿರಿಯರು ಅದನ್ನು ದಾರದಲ್ಲಿ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದುದನ್ನು ನನ್ನ ವಯಸ್ಸಿನವರು ಕೇಳಿಯಾದರೂ ಬಲ್ಲರು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ ಹೊರಟ ಒಂದು ನಯಾಪೈಸೆಯೂ ಕಂಚಿನದೇ, ಒಂದೂವರೆ ಗ್ರಾಂ. 1962ರಿಂದ ಅದು ನಿಕ್ಕಲ್ ಬೆರೆತ ಹಿತ್ತಾಳೆಯಾಯಿತು, 1965ರಿಂದ ಅಲ್ಯುಮಿನಿಯಂ ಆಯಿತು. ಹೀಗೆ ಲೋಹ ತುಟ್ಟಿಯಾದಂತೆಲ್ಲ ಸರಕಾರವೇ ಜಾಗರೂಕತೆಯಿಂದ ಅದನ್ನು ನಾಣ್ಯದೊಳಗಿನಿಂದ ತೆಗೆದಿದೆ. ಅದಕ್ಕಿಂತ ಮೊದಲಿನ ನಾಣ್ಯಗಳು ಮನೆಯ ಗಂಟುಗಳಲ್ಲಿ ಉಳಿದವು.

ತಾಮ್ರದ ದರ ದಿನದಿನಕ್ಕೂ ಏರಿಳಿಯುವಂತಹುದು. ಲೆಕ್ಕ ಸುಲಭವಾಗಲೆಂದು ಕಿಲೋಗೆ 1,000 ರೂಪಾಯಿ, ಅಂದರೆ ಗ್ರಾಮಿಗೆ ಒಂದು ರೂಪಾಯಿ ಎಂದು ಹಿಡಿಯೋಣ. ಕಂಪನಿಯ ಕಾಲಾಣೆಯಲ್ಲಿ ಆರೂವರೆ ರೂಪಾಯಿಯ ತಾಮ್ರವಿದೆ. 1906ರ ಅನಂತರದ್ದರಲ್ಲಿ ಐದು ರೂಪಾಯಿಗೆ ಕಡಿಮೆ. ತೂತಿನ ದುಡ್ಡಿನಲ್ಲಿ ಎರಡಕ್ಕೂ ಕಡಿಮೆ. ನಯಾಪೈಸೆಯಲ್ಲಿ ಒಂದೂ ಕಾಲರಿಂದ ಒಂದೂವರೆ. ಒಂದು ಪೈಸೆಯ ನಾಣ್ಯ ಒಂದೂ ಕಾಲು ರೂಪಾಯಿಯನ್ನು ಮೀರಿತೆಂದರೆ ನೂರು ಪಟ್ಟು ಬೆಳೆಯಿತಲ್ಲ ಎಂದು ಕಿರಿಯ ಮಗ ಹಿಗ್ಗಬಹುದು. ಹಿಗ್ಗುವ ಮೊದಲು ಅವನು ಕಾಲವನ್ನೂ ಎಣಿಸಲಿ. 1957ರ ಒಂದು ರೂಪಾಯಿಯನ್ನು ನೂರು ನಯಾಪೈಸೆಯಾಗಿ ಕಟ್ಟಿಟ್ಟಿದ್ದರೆ ಇಂದು 150 ಗ್ರಾಂ ಕಂಚು, ಅಂದರೆ 142 ರೂಪಾಯಿಯಷ್ಟು ತಾಮ್ರ. ಅದೇ ರೂಪಾಯಿ ಶೇಕಡಾ ಏಳೂವರೆಯ ಚಕ್ರಬಡ್ಡಿಯಲ್ಲಿ 68 ವರ್ಷಕ್ಕೆ 136ರ ಆಸುಪಾಸಿಗೆ ಬರುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಇನ್ನೂ ಹಿಂದೆ ಹೋದರೆ ಲೆಕ್ಕ ತಾಮ್ರಕ್ಕೆ ವಿರುದ್ಧವಾಗಿ ವಾಲುತ್ತದೆ. 1900ರ ಒಂದು ರೂಪಾಯಿಗೆ 64 ಕಾಲಾಣೆ, 414 ಗ್ರಾಂ, ಇಂದಿಗೆ 414 ರೂಪಾಯಿ. ಶೇಕಡಾ ಐದರ ಚಕ್ರಬಡ್ಡಿಯೇ 125 ವರ್ಷದಲ್ಲಿ 440ನ್ನು ದಾಟುತ್ತದೆ. ಅದೇ ರೂಪಾಯಿಯನ್ನು ಬೆಳ್ಳಿಯ ನಾಣ್ಯವಾಗಿ ಇಟ್ಟಿದ್ದರೆ ಅದರಲ್ಲಿ ಹತ್ತೂವರೆ ಗ್ರಾಮಿಗೆ ಮೀರಿ ಅಚ್ಚ ಬೆಳ್ಳಿಯಿದೆ. ಗ್ರಾಮಿಗೆ ಕೇವಲ 100 ರೂಪಾಯಿ ಎಂದಿಟ್ಟರೂ ಸಾವಿರಕ್ಕೆ ಕಡಿಮೆಯಿಲ್ಲ, ಮತ್ತು ಅದನ್ನು ಇಡಲು ಬೊಗಸೆಯಷ್ಟು ಜಾಗವೂ ಬೇಡ.

ಇದು ಕೂಡ ಪುಸ್ತಕದ ದರ. ಗುಜರಿಯವನು ಪೇಟೆಯ ಪೂರ್ಣ ಬೆಲೆಯನ್ನು ಕೊಡುವವನಲ್ಲ. ಮಣ್ಣು, ಕಿಲುಬು, ತವರ, ಸತು ಎಂದು ಕಳೆಯುತ್ತಾನೆ. ಅವನ ಕಸುಬು ಅದು, ಅವನನ್ನು ದೂರಿ ಫಲವಿಲ್ಲ. ಆದುದರಿಂದ ಮೂರು ಕಿಲೋ ಗಂಟಿಗೆ ಮೂರು ಸಾವಿರದ ಒಳಗೇ ಕೈಗೆ ಬರುವುದು. ಇನ್ನು ಠೇವಣಿ ಮುರಿದು ಹಳ್ಳಿ ತಿರುಗಿ ಕೊಳ್ಳಹೋದರೆ, ಮಾರುವವರೇನು ಲೋಹದ ಬೆಲೆಗೆ ಕೊಡುವರೇ? ಹಳೆಯದೆಂಬ ಹೆಸರಿಗೆ ಹತ್ತಿಪ್ಪತ್ತು ರೂಪಾಯಿ ಕೇಳುತ್ತಾರೆ. ಇಪ್ಪತ್ತು ಕೊಟ್ಟು ಆರೂವರೆಯ ತಾಮ್ರ ತರುವ ವ್ಯಾಪಾರಕ್ಕೆ ಪರಿಹಾರದ ಹಣವನ್ನು ಹಾಕಬಾರದು. ಹೊಲ ಮುಳುಗಿ ಬಂದ ಹಣ ಅದು. ಎರಡನೆಯ ಸಲ ಮುಳುಗಿದರೆ ಅದಕ್ಕೆ ಪರಿಹಾರ ಕೊಡುವವರಿಲ್ಲ.

ಹಾಗಾದರೆ ಹಿರಿಯ ಮಗನ ಮಾತೇ ಸರಿಯೇ? ಅದೂ ಅಲ್ಲ. ಆ ಹತ್ತಿಪ್ಪತ್ತು ರೂಪಾಯಿ ಎಂಬಲ್ಲಿಯೇ ಉತ್ತರವಿದೆ. ಕೋಟಿಗಟ್ಟಲೆ ಮುದ್ರಿತವಾದ ಸಾಮಾನ್ಯ ಕಾಲಾಣೆಗೂ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುವುದುಂಟು. ಗಂಟನ್ನು ತಕ್ಕಡಿಗೆ ಹಾಕುವ ಮೊದಲು ಒಂದು ಮಧ್ಯಾಹ್ನ ಕಂಬಳಿ ಹಾಸಿ ಬೇರ್ಪಡಿಸಬೇಕು. ರಾಜರ ಮುಖವುಳ್ಳವು ಒಂದು ಕಡೆ, ತೂತಿನವು ಒಂದು ಕಡೆ. ಮುಖವೇ ಇಲ್ಲದೆ ನಾಗರಿ ಅಕ್ಷರಗಳುಳ್ಳ ದಪ್ಪ, ಒರಟು ಬಿಲ್ಲೆಗಳಿದ್ದರೆ ಅವು ಮರಾಠರ ಶಿವರಾಯಿಗಳಾಗಿರಬಹುದು. ಪಾರಸಿ ಅಕ್ಷರವಿದ್ದರೆ ವಿಜಾಪುರದ ಆದಿಲಶಾಹಿಯವು ಇರಬಹುದು. ಆನೆಯಿದ್ದರೆ ಮೈಸೂರಿನ ಕಡೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂದು ಕನ್ನಡದಲ್ಲಿಯೇ ಬರೆದಿರುವುದನ್ನು ಮೊಮ್ಮಕ್ಕಳಿಂದ ಓದಿಸಬಹುದು. ಕುಲುಮೆಗೆ ಹೋದರೆ ಇವೆಲ್ಲವೂ ಒಂದೇ ಬಣ್ಣದ ನೀರು.

ನೂರು ವರ್ಷ ಮೀರಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಗೋಡೆಯನ್ನೋ ನೆಲವನ್ನೋ ಅಗೆಯುವಾಗ ಸಿಕ್ಕುದಾದರೆ ಅದು ನಿಧಿಯ ಕಾನೂನಿಗೆ ಸೇರಿದ್ದು, ಸರಕಾರಕ್ಕೆ ತಿಳಿಸಬೇಕು. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದಂತೂ 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಮೇರಿಕೆಯಲ್ಲಿಯೂ ಹೀಗೆಯೇ. ಅಲ್ಲಿನ ಒಂದು ಸೆಂಟು 1982ರವರೆಗೆ ಬಹುಪಾಲು ತಾಮ್ರದ್ದು. ಜನ ಅದನ್ನು ಕರಗಿಸಿಯಾರೆಂದು ಅಲ್ಲಿನ ಸರಕಾರ 2006ರ ಡಿಸೆಂಬರಿನಲ್ಲಿ ನಿಷೇಧ ಹೊರಡಿಸಿತು. ಆದರೂ ಡಬ್ಬಿಗಟ್ಟಲೆ ಕೂಡಿಟ್ಟು ಕಾಯುವವರು ಅಲ್ಲಿದ್ದಾರೆ. ಲೋಹವನ್ನು ಲೋಹವಾಗಿ ಮಾರಲು ಬಾರದೆ ಅವರು ಕಾಯುತ್ತಲೇ ಇದ್ದಾರೆ.

ನಷ್ಟಕ್ಕಿಂತ ನನಗೆ ಹೆಚ್ಚು ಭಯವಿರುವುದು ಬೇರೊಂದು ಕಡೆ. ತಾಯಿಯವರ ಸೊಸೆ ಮೊಬೈಲಿನಲ್ಲಿ 'ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ' ಎಂಬ ಜಾಹೀರಾತನ್ನು ನೋಡಿದ್ದಾರೆಂದು ಪತ್ರದ ಕೊನೆಗೆ ಒಂದು ಸಾಲಿದೆ. ಇಂತಹವರು ಮೊದಲು ಕಮಿಷನ್ನು, ತೆರಿಗೆ ಎಂದು ನಮ್ಮಿಂದಲೇ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿದೆ. ಒಂದು ಬದಿಗೆ ರಾಮನ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿಗೆ ಕಂಪನಿಯ ಹೆಸರು ಮತ್ತು 1616, 1717, 1818 ಎಂಬ ಇಸವಿ ಇರುವ ಬಿಲ್ಲೆಗಳನ್ನು ಕಂಪನಿ ಎಂದೂ ಮುದ್ರಿಸಲಿಲ್ಲ. ಅಕ್ಕಿಕಾಳನ್ನು ಸೆಳೆಯುವ ತಾಮ್ರವೆಂಬುದು ಕಾಳಿಗೆ ಕಬ್ಬಿಣದ ಪುಡಿ ಹಚ್ಚಿ ಒಳಗೆ ಅಯಸ್ಕಾಂತ ಅಡಗಿಸಿದ ಆಟ. ಕಮಲದ ಚಿತ್ರವುಳ್ಳ 1968ರಿಂದ 1971ರ ಇಪ್ಪತ್ತು ಪೈಸೆಯಲ್ಲಿ ಬಂಗಾರವಿದೆಯೆಂದು ನಂಬಿದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅದು ತಾಮ್ರ, ಸತು, ನಿಕ್ಕಲ್ ಅಷ್ಟೆ. ಪೂಜೆಗೆ ಇಟ್ಟುಕೊಂಡರೆ ಯಾರ ಅಡ್ಡಿಯೂ ಇಲ್ಲ.

ಆದುದರಿಂದ, ತಾಯಿ, ಠೇವಣಿ ಇದ್ದಲ್ಲಿಯೇ ಇರಲಿ. ಗಂಟನ್ನು ಬಿಚ್ಚಿ ಬೇರ್ಪಡಿಸಿರಿ. ಅಕ್ಷರ ಅಳಿಸಿ ಗುರುತು ಸಿಗದಂತೆ ಸವೆದವುಗಳನ್ನು ಬೇಕಾದರೆ ಹಿರಿಯ ಮಗ ಗುಜರಿಗೆ ಕೊಡಲಿ. ಉಳಿದವನ್ನು ಬಲ್ಲವರೊಬ್ಬರಿಗೆ ತೋರಿಸುವವರೆಗೆ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿರಿ. ತೋರಿಸುವ ಮೊದಲು, ಕೊಡ ತಂಬಿಗೆ ಬೆಳಗಿದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಮಾತ್ರ ಹೋಗಬೇಡಿರಿ. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಮುಟ್ಟುವುದಿಲ್ಲ. ಮುಟ್ಟಿದರೂ ಅರ್ಧ ಬೆಲೆ ಹೇಳುತ್ತಾರೆ.